ಪಿಆರ್ ಇದ್ದರೆ ಪಕ್ಷದ ನಾಯಕನಿಗೆ ಓಟು ಹಾಕಬಹುದು, ಗ್ರೀನ್ ಕಾರ್ಡ್ ಇದ್ದರೆ ಪ್ರೈಮರಿಗೆ ಹಾಕುವಂತಿಲ್ಲ: ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಕೆನಡಾದ ಒಂಟಾರಿಯೊದಲ್ಲಿದ್ದೇವೆ. ನನಗೂ ನಮ್ಮ ಮನೆಯವರಿಗೂ ಪಿಆರ್ (ಕಾಯಂ ವಾಸದ ಹಕ್ಕು) ಇದೆ, ಸಿಟಿಜನ್‌ಶಿಪ್ ಇನ್ನೂ ಆಗಿಲ್ಲ. ಅಕ್ಕ-ಭಾವ ನ್ಯೂಜೆರ್ಸಿಯಲ್ಲಿದ್ದಾರೆ, ಗ್ರೀನ್ ಕಾರ್ಡ್ ಬಂದಿದೆ. ಮಾರ್ಕ್ ಕಾರ್ನಿ ಪ್ರಧಾನಿಯಾದಾಗಿನಿಂದ ಭಾವ ರೇಗಿಸುತ್ತಲೇ ಇದ್ದಾರೆ: "ನಿಮ್ಮಲ್ಲಿ ಸಂಸದನೇ ಅಲ್ಲದವರು ಒಂದೂವರೆ ಲಕ್ಷ ಓಟಿಗೆ ಪ್ರಧಾನಿ ಆಗಿಬಿಟ್ಟರು. ನಮ್ಮಲ್ಲಿ ಜನರೇ ನೇರವಾಗಿ ಆರಿಸ್ತಾರೆ." ನನಗೆ ಉತ್ತರ ಕೊಡೋಕೆ ಆಗಲ್ಲ. ಇಲ್ಲಿ ಸಂಸದರಾಗಿದ್ದ ನಮ್ಮ ಚಂದ್ರ ಆರ್ಯ ಅವರನ್ನು ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸೋಕೇ ಬಿಡಲಿಲ್ಲ ಅಂತ ಓದಿ ಬೇಜಾರಾಯಿತು. ಕನ್ಸರ್ವೇಟಿವ್ ಪಕ್ಷದ ಪಿಯೆರ್ ಪೊಲಿಯೆವ್ ಸ್ವಂತ ಕ್ಷೇತ್ರದಲ್ಲೇ ಸೋತರೂ ನಾಯಕರಾಗಿ ಉಳಿದರು, ಅದು ಹೇಗೆ? ಈಗ ಇವರ ಆಫೀಸಿನವರೊಬ್ಬರು ಪಕ್ಷದ ಸದಸ್ಯತ್ವದ ಫಾರಂ ಕಳಿಸಿ, "ಮನೆಯವರದ್ದೆಲ್ಲ ತುಂಬಿ, ಊರಿಂದ ಬಂದಿರೋ ನಿಮ್ಮ ಅಮ್ಮನದ್ದೂ ಹಾಕಿ" ಅಂದಿದ್ದಾರೆ. ತುಂಬಬಹುದಾ? ಸಿಟಿಜನ್‌ಶಿಪ್‌ಗೆ ತೊಂದರೆ ಆಗುತ್ತಾ? ಭಾವನೂ ಈ ಸಲ ಅಲ್ಲಿನ ಪ್ರೈಮರಿಗೆ (ಪಕ್ಷದ ಅಭ್ಯರ್ಥಿಯನ್ನು ಆರಿಸೋ ಚುನಾವಣೆಗೆ) ಓಟು ಹಾಕ್ತೀನಿ ಅಂತಿದ್ದಾರೆ.

ಉತ್ತರ: ಮೊದಲು ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ, ಅದಕ್ಕೆ ಅವಸರವಿದೆ. ಭಾವನಿಗೆ ಇವತ್ತೇ ಫೋನ್ ಮಾಡಿ. ಓಟು ಹಾಕುವುದು ಹಾಗಿರಲಿ, ಮತದಾರರ ಪಟ್ಟಿಗೆ ಹೆಸರು ಕೊಡುವುದೂ ಬೇಡ ಅಂತ ಹೇಳಿ. ಅಮೆರಿಕದ ಫೆಡರಲ್ ಚುನಾವಣೆಯಲ್ಲಿ ಪ್ರಜೆಯಲ್ಲದವರು ಓಟು ಹಾಕುವುದು ಅಪರಾಧ, ಪ್ರೈಮರಿಯೂ ಅದರೊಳಗೇ ಬರುತ್ತದೆ. ಫಾರಂನಲ್ಲಿ ಅಮೆರಿಕದ ಪ್ರಜೆ ಎಂಬ ಜಾಗಕ್ಕೆ ಗುರುತು ಹಾಕಿ ಸಹಿ ಮಾಡಿದರೆ ಸುಳ್ಳು ಪೌರತ್ವ ಹೇಳಿಕೊಂಡ ಹಾಗೆ. ಅದು ಗಡೀಪಾರಿನವರೆಗೂ ಹೋಗಬಹುದು. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ಕೇಳಿದ್ದಕ್ಕೆಲ್ಲ ಹೂಂ ಅಂದು, ಗೊತ್ತಿಲ್ಲದೆಯೇ ಪಟ್ಟಿಗೆ ಸೇರಿಬಿಡುವವರೂ ಇದ್ದಾರೆ. ಹಾಗೇನಾದರೂ ಆಗಿದ್ದರೆ ಪೌರತ್ವದ ಅರ್ಜಿ ಹಾಕುವ ಮೊದಲು ಇಮಿಗ್ರೇಷನ್ ವಕೀಲರನ್ನು ನೋಡಲಿ. ತಾವೇ ಸರಿಮಾಡಲು ಹೋಗುವುದು ಬೇಡ.

ನಿಮ್ಮ ವಿಷಯ ಬೇರೆ. ಪಿಆರ್ ಇರುವ ನೀವು ಕೆನಡಾದಲ್ಲಿ ಪಕ್ಷಕ್ಕೆ ಸೇರಬಹುದು. ಅದರ ನಾಯಕನ ಆಯ್ಕೆಯಲ್ಲಿ ಓಟನ್ನೂ ಹಾಕಬಹುದು.

ಇಬ್ಬರೂ ಹೊರಗಿನಿಂದ ಬಂದವರೇ, ಇಬ್ಬರಿಗೂ ಕಾಯಂ ವಾಸದ ಹಕ್ಕಿದೆ. ಒಬ್ಬರಿಗೆ ಬಾಗಿಲು ತೆರೆದಿದೆ, ಇನ್ನೊಬ್ಬರಿಗೆ ಅದೇ ಕೆಲಸ ಅಪರಾಧ. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳೂ ಹೆಚ್ಚುಕಡಿಮೆ ಬಿಡಿಸಿಕೊಳ್ಳುತ್ತವೆ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಒಂದು ಸರ್ಕಾರಿ ಚುನಾವಣೆ. ಕೆನಡಾದಲ್ಲಿ ಅದು ಪಕ್ಷದ ಮನೆಯೊಳಗಿನ ವ್ಯವಹಾರ.

ಅಮೆರಿಕದಲ್ಲೂ ಮೊದಲು ಹಾಗಿರಲಿಲ್ಲ. 19ನೇ ಶತಮಾನದಲ್ಲಿ ಪಕ್ಷದ ದೊಡ್ಡ ಕುಳಗಳೇ ಕೂತು ಟಿಕೆಟ್ ಹಂಚುತ್ತಿದ್ದರು. ಅದಕ್ಕೆ ಸಿಡಿದೆದ್ದವರಲ್ಲಿ ವಿಸ್ಕಾನ್ಸಿನ್‌ನ ಗವರ್ನರ್ ರಾಬರ್ಟ್ ಲಾ ಫಾಲೆಟ್ ಮುಖ್ಯರು. ಅವರ ಕಾಲದಲ್ಲಿ, 1903ರಲ್ಲಿ, ಆ ರಾಜ್ಯ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಕಾನೂನು ಮಾಡಿತು. ಮತಪತ್ರ ರಾಜ್ಯದ್ದು, ಬೂತು ರಾಜ್ಯದ್ದು, ಎಣಿಕೆಯೂ ರಾಜ್ಯದ್ದು. ಆದರೂ ದಕ್ಷಿಣದ ರಾಜ್ಯಗಳಲ್ಲಿ ಡೆಮಾಕ್ರಟಿಕ್ ಪಕ್ಷ 'ನಮ್ಮದು ಖಾಸಗಿ ಕ್ಲಬ್' ಅಂತ ಹೇಳಿಕೊಂಡು ಪ್ರೈಮರಿಯಿಂದ ಕಪ್ಪು ಜನರನ್ನು ಹೊರಗಿಟ್ಟಿತ್ತು. ಅಲ್ಲಿ ಆಗ ಬೇರೆ ಪಕ್ಷಕ್ಕೆ ನೆಲೆಯೇ ಇರಲಿಲ್ಲ. ಪ್ರೈಮರಿ ಗೆದ್ದವನೇ ಗೆದ್ದವನು. ಅಂದರೆ ಪ್ರೈಮರಿಯಿಂದ ಹೊರಗಿಟ್ಟರೆ ಪೂರ್ತಿ ಹೊರಗಿಟ್ಟಂತೆಯೇ. ಹ್ಯೂಸ್ಟನ್‌ನ ಕಪ್ಪು ದಂತವೈದ್ಯ ಲಾನಿ ಸ್ಮಿತ್ ಕೋರ್ಟಿಗೆ ಹೋದರು. 1944ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅಭ್ಯರ್ಥಿಯ ಆಯ್ಕೆ ಚುನಾವಣೆಯದೇ ಭಾಗ, ಅಲ್ಲಿ ಸಂವಿಧಾನ ನಡೆಯಲೇಬೇಕು ಅಂದಿತು. ನನ್ನ ವಿದ್ಯಾರ್ಥಿಗಳಿಗೆ ಅಮೆರಿಕದ ರಾಜಕೀಯ ಹೇಳಿಕೊಡುವಾಗ ನಾನು ವಾಷಿಂಗ್ಟನ್, ಲಿಂಕನ್ ಅವರಷ್ಟೇ ಸಮಯವನ್ನು ಈ ದಂತವೈದ್ಯರಿಗೂ ಕೊಡುತ್ತೇನೆ. ಪಕ್ಷ ಕ್ಲಬ್ಬಾ ಅಲ್ವಾ ಅನ್ನುವ ಪ್ರಶ್ನೆಗೆ ಆ ದೇಶ ಅಲ್ಲಿ ಗಟ್ಟಿಯಾಗಿ ಉತ್ತರ ಕೊಟ್ಟಿತು.

ಕೆನಡಾ ಬೇರೆ ದಾರಿ ಹಿಡಿಯಿತು. ಅಲ್ಲಿ ಪಕ್ಷ ಇವತ್ತಿಗೂ ಬಹುಮಟ್ಟಿಗೆ ಒಂದು ಸಂಘ. ಯಾರು ಸದಸ್ಯರಾಗಬಹುದು, ಯಾರು ಸ್ಪರ್ಧಿಸಬಹುದು, ಎಷ್ಟು ಠೇವಣಿ ಇಡಬೇಕು, ಎಲ್ಲ ಪಕ್ಷದ ನಿಯಮ. 1970ರಲ್ಲಿ ಬಂದ ಕಾನೂನು ಪಕ್ಷದ ಕೈಯನ್ನು ಇನ್ನೂ ಬಲಪಡಿಸಿತು. ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಜೊತೆ ಪಕ್ಷದ ಹೆಸರೂ ಅಚ್ಚಾಗಬೇಕಾದರೆ ನಾಯಕನ ಸಹಿ ಬೇಕಾಯಿತು. ನಮ್ಮೂರಿನ ಚುನಾವಣೆ ಕಂಡವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಅದು ಬಿ ಫಾರಂ. ಈಗ ನಾಯಕನೇ ಸಹಿ ಹಾಕಬೇಕೆಂದಿಲ್ಲ, ಪಕ್ಷ ಗೊತ್ತುಮಾಡಿದವರು ಹಾಕಬಹುದು. ಆದರೆ ಹೈಕಮಾಂಡ್ ಬೇಡ ಅಂದರೆ ಬೇಡ.

ಚಂದ್ರ ಆರ್ಯ ಅವರಿಗೆ ಆಗಿದ್ದು ಇದೇ. ತುಮಕೂರು ಜಿಲ್ಲೆಯ ಶಿರಾ ತಾಲೂಕಿನವರು, 2015ರಿಂದ 2025ರವರೆಗೆ ಒಟ್ಟಾವಾದ ನೆಪಿಯನ್ ಕ್ಷೇತ್ರದ ಸಂಸದರಾಗಿದ್ದವರು. 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನು ನೀವೂ ನೋಡಿರುತ್ತೀರಿ. 2025ರ ಜನವರಿಯಲ್ಲಿ ಲಿಬರಲ್ ಪಕ್ಷದ ನಾಯಕತ್ವಕ್ಕೆ ನಿಲ್ಲುತ್ತೇನೆ ಅಂದರು. ಪಕ್ಷ ಒಪ್ಪಲಿಲ್ಲ. ಮಾರ್ಚ್‌ನಲ್ಲಿ ನೆಪಿಯನ್ ಟಿಕೆಟನ್ನೂ ವಾಪಸ್ ಪಡೆಯಿತು. ಅದೇ ಕ್ಷೇತ್ರದಿಂದ ಕಾರ್ನಿ ನಿಂತು ಗೆದ್ದರು. ಸ್ಪರ್ಧೆಗೆ ಯಾಕೆ ಬಿಡಲಿಲ್ಲ ಎಂಬುದಕ್ಕೆ ಪಕ್ಷ ಜನರ ಮುಂದೆ ವಿವರವಾದ ಕಾರಣ ಇಡಲಿಲ್ಲ. ಇಡಲೇಬೇಕು ಅನ್ನುವ ಕಾನೂನೂ ಇಲ್ಲ. ಅವರ ರಾಜಕೀಯ ನಿಲುವುಗಳನ್ನು ನೀವು ಒಪ್ಪಿ, ಬಿಡಿ, ಅದು ಬೇರೆ ಮಾತು. ಮೂರು ಸಲ ಗೆದ್ದ ಸಂಸದರೊಬ್ಬರನ್ನು ಮತದಾರರ ಮುಂದೆ ಹೋಗುವ ಮೊದಲೇ ಒಂದು ಸಮಿತಿ ತಡೆಯಬಹುದು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಈಗ ಗಡಿಯ ಆಚೆ ನೋಡಿ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರಲ್ಲಿ ಮಿಷಿಗನ್‌ನ ಡೆಟ್ರಾಯಿಟ್ ಭಾಗದಿಂದ ಡೆಮಾಕ್ರಟಿಕ್ ಪ್ರೈಮರಿಗೆ ನಿಂತರು. ಊರಿನ ಪಕ್ಷದ ಹಿರಿಯರು ಅನೇಕರು ಬೇರೆಯವರ ಬೆನ್ನಿಗಿದ್ದರು. ಆದರೂ ಥಾನೇದಾರ್ ಅವರನ್ನು ತಡೆಯಲು ಆಗಲಿಲ್ಲ, ಯಾಕೆಂದರೆ ತಡೆಯುವ ಅಧಿಕಾರವೇ ಪಕ್ಷಕ್ಕಿಲ್ಲ. ಹಲವರ ನಡುವೆ ಓಟು ಹಂಚಿಹೋಗಿ, ಸುಮಾರು ಶೇ 28 ಓಟಿಗೇ ಪ್ರೈಮರಿ ಗೆದ್ದರು. ನವೆಂಬರ್‌ನಲ್ಲಿ ಸುಲಭವಾಗಿ ಕಾಂಗ್ರೆಸ್ ಸದಸ್ಯರಾದರು. ಈ ತೆರೆದ ಬಾಗಿಲಿಗೂ ಬೆಲೆ ಇದೆ: ಅವರು ಸ್ವಂತ ದುಡ್ಡನ್ನೇ ಲಕ್ಷಗಟ್ಟಲೆ ಡಾಲರ್ ಸುರಿದಿದ್ದರು. ಬಾಗಿಲು ಎಲ್ಲರಿಗೂ ತೆರೆದಿದೆ ನಿಜ, ಒಳಗೆ ಹೋಗಿ ಓಡಾಡಲು ಹಣ ಬೇಕು. ಇನ್ನೊಂದು ಮಿತಿಯೂ ಇದೆ. ಹುಟ್ಟಿನಿಂದ ಅಮೆರಿಕದ ಪ್ರಜೆಯಲ್ಲದ ಕಾರಣ ಅವರು ಎಂದೂ ಅಧ್ಯಕ್ಷರಾಗುವಂತಿಲ್ಲ. ಕೆನಡಾದಲ್ಲಿ ಆ ತಡೆ ಇಲ್ಲ. 1984ರಲ್ಲಿ ಪ್ರಧಾನಿಯಾದ ಜಾನ್ ಟರ್ನರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ.

ಇನ್ನು ಭಾವನ ಮಾತಿಗೆ. ಅದರಲ್ಲಿ ಅರ್ಧ ನಿಜ, ಅರ್ಧ ತಪ್ಪು.

ಒಂದೂವರೆ ಲಕ್ಷದ ಲೆಕ್ಕ ಸರಿಯಾಗಿದೆ. 2025ರ ಮಾರ್ಚ್ 9ರಂದು ಲಿಬರಲ್ ಪಕ್ಷದ ನಾಯಕನ ಆಯ್ಕೆಯಲ್ಲಿ ಸುಮಾರು 1.52 ಲಕ್ಷ ಜನ ಓಟು ಹಾಕಿದರು. ಪ್ರತಿ ಕ್ಷೇತ್ರಕ್ಕೆ 100 ಅಂಕ ಇಟ್ಟು ಲೆಕ್ಕ ಹಾಕುತ್ತಾರೆ. ಕಾರ್ನಿ ಅದರಲ್ಲಿ ಶೇ 85.9 ಪಡೆದರು. ಆದರೆ ಆ ಜನ ಆರಿಸಿದ್ದು ಪಕ್ಷದ ನಾಯಕನನ್ನು, ಪ್ರಧಾನಿಯನ್ನಲ್ಲ. ಪ್ರಧಾನಿ ಆಗುವುದು ಕಾಮನ್ಸ್ ಸಭೆಯ (ಸಂಸತ್ತಿನ ಕೆಳಮನೆ) ವಿಶ್ವಾಸ ಯಾರಿಗಿದೆಯೋ ಅವರು. ಹಿಂದಿನ ಪ್ರಧಾನಿ ಜಸ್ಟಿನ್ ಟ್ರೂಡೊ ರಾಜೀನಾಮೆ ಕೊಟ್ಟ ಮೇಲೆ ಆ ಬಲ ಪಕ್ಷದ ಹೊಸ ನಾಯಕನಿಗೆ ಬಂತು. ಗವರ್ನರ್ ಜನರಲ್ ಮಾರ್ಚ್ 14ರಂದು ಪ್ರಮಾಣವಚನ ಬೋಧಿಸಿದರು. ಸಂಸದನಾಗಿರಲೇಬೇಕು ಎಂಬ ಕಾನೂನು ಇಲ್ಲ, ಬೇಗ ಒಂದು ಕ್ಷೇತ್ರ ಗೆದ್ದು ಬರಬೇಕು ಎಂಬ ವಾಡಿಕೆ ಮಾತ್ರ ಇದೆ. 1867ರ ಸಂವಿಧಾನ ಕಾಯ್ದೆಯಲ್ಲಿ ಪ್ರಧಾನಿ ಎಂಬ ಹುದ್ದೆಯ ಹೆಸರೇ ಬರುವುದಿಲ್ಲ. ನಮಗೂ ಇದೇನು ಹೊಸದಲ್ಲ: 1996ರ ಜೂನ್‌ನಲ್ಲಿ ದೇವೇಗೌಡರು ಪ್ರಧಾನಿಯಾದಾಗ ಅವರೂ ಸಂಸದರಾಗಿರಲಿಲ್ಲ, ಆಮೇಲೆ ರಾಜ್ಯಸಭೆಗೆ ಬಂದರು. ಕಾರ್ನಿ ಒಂಬತ್ತೇ ದಿನದಲ್ಲಿ ಚುನಾವಣೆ ಕರೆದರು. ಏಪ್ರಿಲ್ 28ರಂದು ಹತ್ತಿರ ಹತ್ತಿರ 2 ಕೋಟಿ ಜನ ಓಟು ಹಾಕಿದರು. 343 ಸ್ಥಾನಗಳಲ್ಲಿ ಲಿಬರಲ್ಲರಿಗೆ 169 ಬಂದವು, ಬಹುಮತಕ್ಕೆ ಮೂರು ಕಡಿಮೆ. ಹೀಗೆ ನಡುವೆ ಬಂದ ನಾಯಕನನ್ನು ಜನ ತಿರಸ್ಕರಿಸಿದ್ದೂ ಉಂಟು. 1993ರಲ್ಲಿ ಕಿಮ್ ಕ್ಯಾಂಬೆಲ್ ಪಕ್ಷದೊಳಗೆ ಗೆದ್ದು ಪ್ರಧಾನಿಯಾದರು. ಕೆಲವೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಪಕ್ಷ ಬರೀ 2 ಸ್ಥಾನಕ್ಕೆ ಕುಸಿಯಿತು, ಅವರದ್ದೇ ಕ್ಷೇತ್ರವೂ ಹೋಯಿತು.

"ನಮ್ಮಲ್ಲಿ ಜನ ನೇರವಾಗಿ ಆರಿಸ್ತಾರೆ" ಅನ್ನುವುದು ಮಾತ್ರ ತಪ್ಪು. ಅಮೆರಿಕದ ಮತದಾರ ಓಟು ಹಾಕುವುದು ತನ್ನ ರಾಜ್ಯದ ಎಲೆಕ್ಟರುಗಳಿಗೆ, ಅಂದರೆ ಅಧ್ಯಕ್ಷನನ್ನು ಆರಿಸುವ ಪ್ರತಿನಿಧಿಗಳಿಗೆ. ಒಟ್ಟು 538 ಎಲೆಕ್ಟರುಗಳು, ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದ ಕಡೆ ರಾಜ್ಯದಲ್ಲಿ ಮುಂದಿರುವವರಿಗೆ ಅಲ್ಲಿನ ಎಲ್ಲ ಎಲೆಕ್ಟರುಗಳೂ ಸಿಗುತ್ತಾರೆ. 2024ರಲ್ಲಿ ನ್ಯೂಜೆರ್ಸಿಯಲ್ಲಿ ಟ್ರಂಪ್‌ಗೆ ಶೇ 46ರಷ್ಟು ಓಟು ಬಿತ್ತು. 14 ಎಲೆಕ್ಟರುಗಳಲ್ಲಿ ಒಬ್ಬರೂ ಸಿಗಲಿಲ್ಲ.

ಇದು ಎಲ್ಲಿಗೆ ತಂದು ನಿಲ್ಲಿಸಬಹುದು ಅಂತ ನೋಡಲು 2000ನೇ ಇಸವಿಯ ಫ್ಲಾರಿಡಾ ಸಾಕು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಅಲ್ ಗೋರ್‌ಗೆ ರಿಪಬ್ಲಿಕನ್ ಅಭ್ಯರ್ಥಿ ಜಾರ್ಜ್ ಬುಷ್‌ಗಿಂತ ಐದು ಲಕ್ಷಕ್ಕೂ ಜಾಸ್ತಿ ಓಟು ಬಂದಿತ್ತು. ಎಲ್ಲವೂ ಒಂದು ರಾಜ್ಯದ ಮೇಲೆ ನಿಂತಿತು. ಅಲ್ಲಿನ ಪಾಮ್ ಬೀಚ್ ಕೌಂಟಿಯ ಮತಪತ್ರದಲ್ಲಿ ಹೆಸರುಗಳು ಎಡಕ್ಕೂ ಬಲಕ್ಕೂ ಇದ್ದವು, ತೂತು ಹೊಡೆಯುವ ಸಾಲು ನಡುವೆ. ಎಡಗಡೆ ಗೋರ್ ಹೆಸರು ಎರಡನೆಯದು, ಆದರೆ ಅವರ ತೂತು ಮೂರನೆಯದು. ಎರಡನೇ ತೂತು ಬಲಗಡೆಯಿದ್ದ ಇನ್ನೊಬ್ಬ ಅಭ್ಯರ್ಥಿ ಪ್ಯಾಟ್ ಬುಕಾನನ್ ಅವರದ್ದು. ಎಷ್ಟೋ ಜನ ಗೊಂದಲಪಟ್ಟರು. ಬೇರೆ ಕಡೆ ತೂತು ಪೂರ್ತಿ ಬೀಳದೆ ಕಾಗದದ ಚೂರು ನೇತಾಡುತ್ತಿದ್ದ ಮತಪತ್ರಗಳನ್ನು ಅಧಿಕಾರಿಗಳು ಬೆಳಕಿಗೆ ಹಿಡಿದು ಕಣ್ಣರಳಿಸಿ ನೋಡುತ್ತಿದ್ದರು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಮರು ಎಣಿಕೆ ನಿಲ್ಲಿಸಿತು. ಫ್ಲಾರಿಡಾವನ್ನು ಬುಷ್ ಗೆದ್ದಿದ್ದು 537 ಓಟಿನಿಂದ, ಅದರಿಂದಲೇ ಅಧ್ಯಕ್ಷರಾದರು. 2016ರಲ್ಲೂ ಹಿಲರಿ ಕ್ಲಿಂಟನ್‌ಗೆ ಸುಮಾರು 29 ಲಕ್ಷ ಜಾಸ್ತಿ ಓಟು ಬಂದರೂ ಅಧ್ಯಕ್ಷರಾದವರು ಟ್ರಂಪ್.

ಭಾವನಿಗೆ ಇನ್ನೊಂದನ್ನೂ ನೆನಪಿಸಿ. 2024ರ ಜುಲೈ 21ರಂದು ಬೈಡನ್ ಹಿಂದೆ ಸರಿದ ಮೇಲೆ ಕಮಲಾ ಹ್ಯಾರಿಸ್ ಅವರನ್ನು ಅಭ್ಯರ್ಥಿ ಮಾಡಿದ್ದು ನಾಲ್ಕೂವರೆ ಸಾವಿರದಷ್ಟು ಪ್ರತಿನಿಧಿಗಳು. ಆ ವರ್ಷದ ಪ್ರೈಮರಿಗಳಲ್ಲಿ ಅವರು ಸ್ಪರ್ಧಿಯೇ ಆಗಿರಲಿಲ್ಲ.

ಹಾಗಂತ ನೀವು ಜಾಸ್ತಿ ಬೀಗುವಂತಿಲ್ಲ. 2019ರಲ್ಲೂ 2021ರಲ್ಲೂ ದೇಶದ ಒಟ್ಟು ಓಟಿನಲ್ಲಿ ಮುಂದಿದ್ದವರು ಕನ್ಸರ್ವೇಟಿವರು. ಸರ್ಕಾರ ಮಾಡಿದವರು ಲಿಬರಲ್ಲರು. 2021ರಲ್ಲಿ ಕನ್ಸರ್ವೇಟಿವರ ಶೇ 33.7ಕ್ಕೆ 119 ಸ್ಥಾನ, ಲಿಬರಲ್ಲರ ಶೇ 32.6ಕ್ಕೆ 160 ಸ್ಥಾನ. ಕ್ಷೇತ್ರದಲ್ಲಿ ಮುಂದಿರುವವರೇ ಗೆದ್ದಂತೆ ಅನ್ನುವ ಪದ್ಧತಿಯ ಫಲ ಇದು. ಎರಡೂ ದೇಶಗಳು ಇದನ್ನು ಬ್ರಿಟನ್ನಿನಿಂದಲೇ ತಂದುಕೊಂಡಿವೆ.

ಪೊಲಿಯೆವ್ ವಿಷಯ ಈಗ ಸುಲಭ. 2025ರಲ್ಲಿ ಅವರು ಸೋತಿದ್ದು ಕಾರ್ಲ್‌ಟನ್ ಕ್ಷೇತ್ರವನ್ನು. ಪಕ್ಷದ ನಾಯಕತ್ವ ಬೇರೆ ಹುದ್ದೆ, ಅದನ್ನು 2022ರಲ್ಲಿ ಸದಸ್ಯರು ಕೊಟ್ಟಿದ್ದರು. ಸಭೆಯೊಳಗೆ ಸ್ವಲ್ಪ ಕಾಲ ಆಂಡ್ರೂ ಶೀರ್ ವಿರೋಧ ಪಕ್ಷವನ್ನು ನಡೆಸಿದರು. ಆಲ್ಬರ್ಟಾದ ಒಬ್ಬ ಸಂಸದರು ಸ್ಥಾನ ಬಿಟ್ಟುಕೊಟ್ಟರು. ಆಗಸ್ಟ್ 18ರ ಉಪಚುನಾವಣೆಯಲ್ಲಿ ಪೊಲಿಯೆವ್ ಗೆದ್ದು ಬಂದರು. ಆ ಉಪಚುನಾವಣೆಯಲ್ಲಿ 214 ಅಭ್ಯರ್ಥಿಗಳಿದ್ದರು, ಬಹುತೇಕರು ಚುನಾವಣಾ ಪದ್ಧತಿಯ ವಿರುದ್ಧ ಪ್ರತಿಭಟಿಸಲೆಂದೇ ನಿಂತವರು. ಅಷ್ಟು ಹೆಸರು ಅಚ್ಚು ಹಾಕಲಾಗದೆ, ಮತದಾರರೇ ಅಭ್ಯರ್ಥಿಯ ಹೆಸರು ಬರೆಯುವ ಖಾಲಿ ಮತಪತ್ರ ಕೊಟ್ಟರು.

ನಾಯಕನನ್ನು ಆರಿಸುವುದಕ್ಕಿಂತ ಕೆಳಗಿಳಿಸುವುದರಲ್ಲೇ ಎರಡು ದೇಶಗಳ ನಡುವೆ ದೊಡ್ಡ ಅಂತರವಿದೆ. ಕೆನಡಾದಲ್ಲಿ ಮೊದಲು ಸಂಸದರೇ ನಾಯಕನನ್ನು ಆರಿಸುತ್ತಿದ್ದರು, ಹಾಗಾಗಿ ಇಳಿಸುವುದೂ ಅವರ ಕೈಯಲ್ಲಿತ್ತು. 1919ರಲ್ಲಿ ಲಿಬರಲ್ಲರು ಅಮೆರಿಕದವರ ಹಾಗೆ ದೊಡ್ಡ ಸಮಾವೇಶ ಕರೆದು ಮೆಕೆಂಜಿ ಕಿಂಗ್ ಅವರನ್ನು ಆರಿಸಿದರು. ಆಮೇಲೆ ಬೇರೆ ಪಕ್ಷಗಳೂ ಅದೇ ದಾರಿ ಹಿಡಿದವು. ಕ್ರಮೇಣ ಓಟು ಎಲ್ಲ ಸದಸ್ಯರಿಗೂ ಹೋಯಿತು. ಕೇಳಲು ಚೆನ್ನಾಗಿದೆ, ಆದರೆ ಅದರಿಂದ ನಾಯಕ ಸಂಸದರ ಹಿಡಿತದಿಂದ ತಪ್ಪಿಸಿಕೊಂಡ. "ನನ್ನನ್ನು ಆರಿಸಿದವರು ಸದಸ್ಯರು, ನೀವಲ್ಲ" ಅನ್ನಬಹುದು. 2024ರ ಅಕ್ಟೋಬರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಲಿಬರಲ್ ಸಂಸದರು ಇಳಿಯಿರಿ ಅಂತ ಕೇಳಿದರೂ ಟ್ರೂಡೊ ಜನವರಿ 6ರವರೆಗೆ ರಾಜೀನಾಮೆಯ ಮಾತಾಡಲಿಲ್ಲ. ಈ ಸಮಸ್ಯೆಗೆಂದೇ 2015ರಲ್ಲಿ ಸುಧಾರಣಾ ಕಾಯ್ದೆ ಬಂತು: ಐದರಲ್ಲಿ ಒಂದು ಭಾಗ ಸಂಸದರು ಕೇಳಿದರೆ ಗುಪ್ತ ಮತದಾನ, ಬಹುಮತ ವಿರುದ್ಧ ಬಿದ್ದರೆ ನಾಯಕ ಹೋಗಬೇಕು. ಆದರೆ ಅದನ್ನು ಒಪ್ಪಿಕೊಳ್ಳುವುದು ಬಿಡುವುದು ಆಯಾ ಪಕ್ಷದ ಸಂಸದರ ಇಷ್ಟ. ಕನ್ಸರ್ವೇಟಿವರು ಒಪ್ಪಿಕೊಂಡಿದ್ದರಿಂದಲೇ 2022ರ ಫೆಬ್ರವರಿಯಲ್ಲಿ ಅವರ ನಾಯಕ ಎರಿನ್ ಓಟೂಲ್ 73-45ರಲ್ಲಿ ಹೊರಗೆ ಬಿದ್ದರು. ಟ್ರೂಡೊ ಕಾಲದ ಲಿಬರಲ್ಲರು ಒಪ್ಪಿಕೊಂಡಿರಲಿಲ್ಲ.

ಅಮೆರಿಕದಲ್ಲಿ ಇಷ್ಟೂ ಇಲ್ಲ. ಅಧ್ಯಕ್ಷನ ಮೇಲೆ ವಿಶ್ವಾಸ ಹೋಯಿತು ಅಂತ ಯಾರೂ ಇಳಿಸುವಂತಿಲ್ಲ. ಮಹಾಭಿಯೋಗ ಒಂದೇ ದಾರಿ, ಸೆನೆಟ್‌ನಲ್ಲಿ ಮೂರನೇ ಎರಡು ಭಾಗ ಬೇಕು. ಆ ದಾರಿಯಲ್ಲಿ ಇದುವರೆಗೆ ಒಬ್ಬ ಅಧ್ಯಕ್ಷನೂ ಹುದ್ದೆ ಕಳೆದುಕೊಂಡಿಲ್ಲ. ನಿಕ್ಸನ್ 1974ರಲ್ಲಿ ತಾವೇ ರಾಜೀನಾಮೆ ಕೊಟ್ಟರು.

ಯಾವುದು ಮೇಲು ಅಂತ ನನ್ನನ್ನು ಕೇಳಿದರೆ ಮತದಾನದ ದಿನದ ವ್ಯವಸ್ಥೆಯಲ್ಲಿ ಕೆನಡಾ ನಿಸ್ಸಂದೇಹವಾಗಿ ಮುಂದೆ. ಇಡೀ ದೇಶದ ಚುನಾವಣೆಗೆ ಒಂದೇ ಸ್ವತಂತ್ರ ಸಂಸ್ಥೆ. ಕಾಗದದ ಮತಪತ್ರ, ಪೆನ್ಸಿಲ್ ಗುರುತು, ಕೈಯಲ್ಲೇ ಎಣಿಕೆ. ಕ್ಷೇತ್ರದ ಗಡಿ ಗೀಚುವುದು ಸ್ವತಂತ್ರ ಆಯೋಗ. ಕಂಪನಿಗಳಿಂದ ದೇಣಿಗೆ ಇಲ್ಲ, ಒಬ್ಬರು 2025ರಲ್ಲಿ ಒಂದು ಪಕ್ಷಕ್ಕೆ ಕೊಡಬಹುದಾದದ್ದು 1,750 ಡಾಲರ್. ಅಮೆರಿಕದಲ್ಲಿ ಸೂಪರ್ ಪ್ಯಾಕ್‌ಗಳಿಗೆ (ಪಕ್ಷದ ಹೊರಗೆ ನಿಂತು ಚುನಾವಣೆಗೆ ಹಣ ಸುರಿಯುವ ಗುಂಪುಗಳಿಗೆ) ಮಿತಿಯೇ ಇಲ್ಲ. ಆದರೆ ಟಿಕೆಟ್ ಹಂಚುವ ವಿಷಯದಲ್ಲಿ ನನ್ನ ಒಲವು ಅಮೆರಿಕದ ಕಡೆಗೆ. ಕೆನಡಾದ ಎಷ್ಟೋ ಕ್ಷೇತ್ರಗಳಲ್ಲಿ ಯಾವ ಪಕ್ಷ ಗೆಲ್ಲುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಅಲ್ಲಿ ನಿಜವಾದ ಸಂಸದನನ್ನು ಆರಿಸುವುದು ಟಿಕೆಟ್ ಸಭೆಗೆ ಬಂದ ಕೆಲವು ನೂರು ಅಥವಾ ಸಾವಿರ ಸದಸ್ಯರು. ಕಾವಲು ಅತ್ಯಂತ ಕಡಿಮೆ ಇರುವುದೂ ಅಲ್ಲೇ. ವಿದೇಶಿ ಹಸ್ತಕ್ಷೇಪದ ತನಿಖೆ ಮಾಡಿದ ನ್ಯಾಯಮೂರ್ತಿ ಮರಿ-ಜೋಸೆ ಹೋಗ್ ಅವರ ಆಯೋಗ 2024ರ ಮೇ ತಿಂಗಳ ವರದಿಯಲ್ಲಿ ಇದೇ ಬಾಗಿಲಿನ ಕಡೆ ಬೊಟ್ಟು ಮಾಡಿತ್ತು. 2019ರಲ್ಲಿ ಟೊರಾಂಟೊದ ಡಾನ್ ವ್ಯಾಲಿ ನಾರ್ತ್ ಟಿಕೆಟ್ ಸಭೆಗೆ ವಿದೇಶಿ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆತಂದ ವಿಚಾರ ಅದರಲ್ಲಿ ಬಂದಿದೆ. ಆಗಿನ ಲಿಬರಲ್ ನಿಯಮದಲ್ಲಿ ಕೆನಡಾದಲ್ಲಿ ವಾಸವಿದ್ದರೆ ಸಾಕಿತ್ತು. 2025ರ ಜನವರಿಯಲ್ಲಿ ಆ ನಿಯಮ ಬಿಗಿಯಾಯಿತು.

ಆದ್ದರಿಂದ ನಿಮ್ಮ ಫಾರಂ. ಎರಡು ದೊಡ್ಡ ಪಕ್ಷಗಳಲ್ಲೂ 14 ವರ್ಷ ದಾಟಿದ ಪ್ರಜೆಗಳು ಮತ್ತು ಪಿಆರ್ ಇರುವವರು ಸೇರಬಹುದು. ನೀವೂ ಯಜಮಾನರೂ ಧಾರಾಳವಾಗಿ ತುಂಬಬಹುದು, ಅದು ಸಿಟಿಜನ್‌ಶಿಪ್‌ಗೆ ಅಡ್ಡಿಯಲ್ಲ. ಅಮ್ಮ ವಿಸಿಟರ್ ವೀಸಾದಲ್ಲಿದ್ದರೆ ಅವರ ಹೆಸರು ಬೇಡವೇ ಬೇಡ. ಸುಮ್ನೆ ಒಂದು ಹೆಸರು ಅಂತ ಅನಿಸಬಹುದು, ಆದರೆ ಅದು ಸುಳ್ಳು ಘೋಷಣೆ. ಫಾರಂ ನೀವೇ ತುಂಬಿ, ಶುಲ್ಕವಿದ್ದರೆ ನಿಮ್ಮ ಕಾರ್ಡಿನಿಂದಲೇ ಕಟ್ಟಿ. ಬೇರೆಯವರು ಕಟ್ಟುತ್ತೇವೆ ಅಂದರೆ ಒಪ್ಪಬೇಡಿ. ಒಟ್ಟಿಗೆ ಎರಡು ಪಕ್ಷದಲ್ಲಿ ಇರುವಂತಿಲ್ಲ. ನಿಮ್ಮ ಫೋನ್, ವಿಳಾಸ ಪಕ್ಷದ ಪಟ್ಟಿಗೆ ಹೋಗುತ್ತದೆ, ಅಲ್ಲಿನ ಖಾಸಗಿ ಮಾಹಿತಿಯ ಕಾನೂನು ರಾಜಕೀಯ ಪಕ್ಷಗಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಕರೆಗಳು, ಮೆಸೇಜುಗಳು ಬರುತ್ತಲೇ ಇರುತ್ತವೆ, ಅದಕ್ಕೆ ತಯಾರಿರಿ.

ಇಷ್ಟವಿಲ್ಲದಿದ್ದರೆ ಸೇರದೇ ಇರುವುದೂ ತಪ್ಪಲ್ಲ. ಸಿಟಿಜನ್ ಆದ ಮೇಲೆ ಚುನಾವಣೆ ನಡೆಸುವ ಸಂಸ್ಥೆಯಾದ ಎಲೆಕ್ಷನ್ಸ್ ಕೆನಡಾದಲ್ಲಿ ಹೆಸರು ಸೇರಿಸಿ ಓಟು ಹಾಕಿದರೆ ಸಾಕು ಅನ್ನುವವರೂ ಇದ್ದಾರೆ. ಆದರೆ ನೀವು ಬೇಜಾರಾಯಿತು ಅಂತ ಬರೆದ ವಿಷಯ ನಡೆದಿದ್ದು ಪಕ್ಷದ ಒಳಗೆ. ಅಲ್ಲಿನ ನಿಯಮ ಬದಲಾಗಬೇಕಾದರೆ ಒಳಗಿನ ಸದಸ್ಯರೇ ಕೇಳಬೇಕು. ಸೇರುವುದಾದರೆ ನಿಮ್ಮ ಕ್ಷೇತ್ರದ ಟಿಕೆಟ್ ಸಭೆ ಯಾವಾಗ, ಅದಕ್ಕೆ ಎಷ್ಟು ದಿನ ಮೊದಲು ಸದಸ್ಯರಾಗಿರಬೇಕು ಅಂತ ಮೊದಲು ವಿಚಾರಿಸಿ. ಕೊನೆಯ ದಿನ ದಾಟಿದರೆ ಆ ಸಲ ಓಟು ಇಲ್ಲ. ಫಾರಂ ಕಳಿಸಿದವರು ಯಾವ ಅಭ್ಯರ್ಥಿಯ ಪರ ಓಡಾಡುತ್ತಿದ್ದಾರೆ ಅಂತಲೂ ಕೇಳಿ. ಓಟು ಗುಪ್ತವಾದದ್ದು, ಅವರು ಹೇಳಿದವರಿಗೇ ಹಾಕಬೇಕೆಂದಿಲ್ಲ.

ಒಂದು ಮಾತು ಉಳಿಯಿತು. ಕೆನಡಾದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಹೊರದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್‌ನಿಂದ ಭಾರತದಲ್ಲಿ ಓಟು ಹಾಕಲು ಬರುವುದಿಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ಇದ್ದರೆ ಆಗ ನಮೂನೆ 7 ಕೊಟ್ಟು ತೆಗೆಸಿಬಿಡಿ.